‘ಇಮ್ಯಾಜಿನರಿ’ ಅಂದರೆ ‘ಕಾಲ್ಪನಿಕ’ವೇ? ಎರಡು ಪದಗಳ ಹುಟ್ಟು, √−1ರ ಹೆಸರು

(ಇದೊಂದು ಚರ್ಚೆ. ಪ್ರತಿ ಭಾಗದ ತಲೆಯಲ್ಲಿರುವುದು ಬರೆದವರ ಅಡ್ಡಹೆಸರು.)

ಕರಡುಪ್ರತಿ (ಪ್ರಶ್ನೆ)

ಪ್ರಥಮ ಪಿಯುಸಿ ಗಣಿತದ ಸಂಕೀರ್ಣ ಸಂಖ್ಯೆಗಳ ಪಾಠಕ್ಕೆ ಕನ್ನಡದಲ್ಲಿ ಟಿಪ್ಪಣಿ ತಯಾರಾಗುತ್ತಿದೆ. ‘ಇಮ್ಯಾಜಿನರಿ ನಂಬರ್’ ಹತ್ತಿರ ಬಂದು ಕೆಲಸ ನಿಂತಿದೆ. ಕೈಯಲ್ಲಿರುವ ಹಾಳೆಗಳಲ್ಲಿ ಒಂದೊಂದು ಕಡೆ ಒಂದೊಂದು ಪದ: ಕಾಲ್ಪನಿಕ ಸಂಖ್ಯೆ, ಊಹಾ ಸಂಖ್ಯೆ, ಅವಾಸ್ತವ ಸಂಖ್ಯೆ. ಒಂದರಲ್ಲಂತೂ ಒಂದೇ ಪುಟದಲ್ಲಿ ಮೂರೂ ಇವೆ.

ತಿಳಿಯಬೇಕಾದ್ದು ಇಷ್ಟು. ಇಂಗ್ಲಿಷಿನ ಇಮ್ಯಾಜಿನರಿ ಪದ ಎಲ್ಲಿಂದ ಬಂತು, √−1ಕ್ಕೆ, ಅಂದರೆ ವರ್ಗ ಮಾಡಿದರೆ −1 ಬರುವ ಸಂಖ್ಯೆಗೆ, ಅದು ಅಂಟಿಕೊಂಡಿದ್ದು ಯಾವಾಗ, ಯಾಕೆ? ಕನ್ನಡದ ‘ಕಾಲ್ಪನಿಕ’ಕ್ಕೆ ಅದೇ ಅರ್ಥ ಮೊದಲಿಂದ ಇತ್ತೇ, ಅಥವಾ ತರ್ಜುಮೆ ಮಾಡಿದವರು ಹೊರಿಸಿದ್ದೇ? ಕೊನೆಗೆ, ಮೂರರಲ್ಲಿ ಯಾವುದನ್ನು ಇಟ್ಟುಕೊಳ್ಳೋದು?

ನಿಘಂಟು ನೋಡಿ ಅಂತ ದಯವಿಟ್ಟು ಹೇಳಬೇಡಿ. ನೋಡಿದ್ದಾಗಿದೆ. ಅಲ್ಲಿ ‘ಕಾಲ್ಪನಿಕ: ಕಲ್ಪನೆಗೆ ಸಂಬಂಧಿಸಿದ’ ಎಂದಿದೆ. ‘ಇಲ್ಲದ ಸಂಖ್ಯೆಯನ್ನು ಯಾಕೆ ಕಲಿಯಬೇಕು?’ ಅಂತ ಮಕ್ಕಳು ಕೇಳಿದರೆ ಅದರಿಂದ ಉತ್ತರ ಹುಟ್ಟುವುದಿಲ್ಲ.

ಪದಮೂಲ

ಇಂಗ್ಲಿಷ್ ಪದದ ಕಡೆ ನಾನು ನೋಡಿಕೊಳ್ಳುತ್ತೇನೆ. ಗಣಿತವನ್ನು ಬಲ್ಲವರು ಮುಂದುವರಿಸಲಿ.

ಬೇರು ಲ್ಯಾಟಿನ್‌ನ ‘ಇಮಾಗೊ’. ಅಂದರೆ ಪ್ರತಿರೂಪ, ಒಂದನ್ನು ನೋಡಿ ಮಾಡಿದ ಇನ್ನೊಂದು. ‘ಅನುಕರಿಸು’ ಎಂಬ ಅರ್ಥದ ‘ಇಮಿತಾರಿ’ ಇದರ ನೆಂಟ. ಇಮಿಟೇಷನ್ ಸರದ ಇಮಿಟೇಷನ್ ಬಂದದ್ದು ಅಲ್ಲಿಂದಲೇ. ಶುರುವಿನಲ್ಲಿ ಇಮಾಗೊ ಕೈಗೆ ಸಿಗುವ ವಸ್ತು. ದೊಡ್ಡ ಅಧಿಕಾರ ನಡೆಸಿದ ಪೂರ್ವಿಕರ ಮೇಣದ ಮುಖವಾಡಗಳನ್ನು ರೋಮಿನ ಕುಲೀನರು ಮನೆಯ ನಡುಹಜಾರದಲ್ಲಿ ಇಡುತ್ತಿದ್ದರು. ಅವುಗಳ ಹೆಸರೂ ಇದೇ. ಮನೆಯಲ್ಲಿ ಸಾವಾದರೆ ಆ ಮುಖವಾಡ ಹಾಕಿಕೊಂಡವರು ಮೆರವಣಿಗೆಯಲ್ಲಿ ನಡೆಯುತ್ತಿದ್ದರು.

ಇಮಾಗೊದಿಂದ ‘ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳು’ ಎಂಬ ಕ್ರಿಯಾಪದ ಬಂತು, ‘ಇಮಾಗಿನಾರಿಯುಸ್’ ಎಂಬ ವಿಶೇಷಣವೂ ಬಂತು. ಫ್ರೆಂಚಿನಲ್ಲಿ ಇದು ‘ಇಮಾಜಿನೇರ್’ ಆಯಿತು. 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೂ ದಾಟಿತು.

ಈ ವಿಶೇಷಣದ ಹಳೆಯ ಅರ್ಥವನ್ನು ಗಮನಿಸಿ. ಇಮಾಗಿನಾರಿಯುಸ್ ಎಂದರೆ ‘ಸುಳ್ಳು’ ಅಂತಲ್ಲ, ‘ರೂಪ ಮಾತ್ರದ, ಹೆಸರಿಗೆ ಮಾತ್ರದ’. ಕ್ರಿ.ಶ. 2ನೇ ಶತಮಾನದ ರೋಮನ್ ಕಾನೂನು ಪಂಡಿತ ಗಾಯುಸ್, ‘ಮಂಕಿಪಾಟಿಯೊ’ ಎಂಬ ಹಸ್ತಾಂತರ ವಿಧಿಯನ್ನು ‘ಒಂದು ಬಗೆಯ ಇಮಾಗಿನಾರಿಯಾ ವೆಂಡಿಟಿಯೊ’, ಅಂದರೆ ಇಮ್ಯಾಜಿನರಿ ಮಾರಾಟ, ಎಂದು ಕರೆಯುತ್ತಾನೆ. ವಿಧಿ ಹೀಗೆ: ವಯಸ್ಕರಾದ ರೋಮನ್ ನಾಗರಿಕರು, ಐವರಿಗೆ ಕಡಿಮೆ ಇಲ್ಲದಂತೆ, ಸಾಕ್ಷಿಗೆ ನಿಲ್ಲಬೇಕು. ಅವರ ಜೊತೆಗೆ ಕಂಚಿನ ತಕ್ಕಡಿ ಹಿಡಿದ ಇನ್ನೊಬ್ಬ. ಕೊಳ್ಳುವವನು ಕಂಚಿನ ತುಂಡು ಕೈಯಲ್ಲಿ ಹಿಡಿದು, ‘ಇದು ಕಾನೂನಿನ ಪ್ರಕಾರ ನನ್ನದು, ಈ ಕಂಚು, ಈ ತಕ್ಕಡಿಯಿಂದ ಇದನ್ನು ಕೊಂಡದ್ದಾಗಲಿ’ ಎಂಬರ್ಥದ ಗೊತ್ತಾದ ಮಾತು ಹೇಳುತ್ತಾನೆ. ತುಂಡನ್ನು ತಕ್ಕಡಿಗೆ ಬಡಿಯುತ್ತಾನೆ. ಆಮೇಲೆ ಅದೇ ಬೆಲೆಯೋ ಎಂಬಂತೆ ಮಾರುವವನ ಕೈಗೆ ಕೊಡುತ್ತಾನೆ.

ನಾಣ್ಯ ಇಲ್ಲದ ಕಾಲದಲ್ಲಿ ಕಂಚನ್ನು ನಿಜಕ್ಕೂ ತೂಗಿ ಕೊಡುತ್ತಿದ್ದರು, ಅದರ ಉಳಿಕೆ ಇದು. ಗಾಯುಸನ ಕಾಲಕ್ಕೆ ತಕ್ಕಡಿಯಲ್ಲಿ ಏನನ್ನೂ ತೂಗುತ್ತಿರಲಿಲ್ಲ. ಹಾಗಂತ ವಿಧಿ ಬಿಟ್ಟರೆ ನಡೆಯುತ್ತಿರಲಿಲ್ಲ. ಇಟಲಿಯ ಜಮೀನು, ಗುಲಾಮರು, ಎತ್ತು, ಕುದುರೆಯಂಥವನ್ನು ಸುಮ್ಮನೆ ಕೈಗೆ ಕೊಟ್ಟರೆ ಪೂರ್ತಿ ಒಡೆತನ ದಾಟದು. ತೂಕ ಇಮ್ಯಾಜಿನರಿ, ಹಕ್ಕು ಬದಲಾದದ್ದು ನಿಜ. ನಮ್ಮ ಶಾಸನಗಳ ‘ಧಾರಾಪೂರ್ವಕಂ ಮಾಡಿ ಕೊಟ್ಟ’ ಎಂಬ ಮಾತು ನೆನಪಾಗುತ್ತದೆ. ನೀರು ಎರೆದದ್ದು ಭೂಮಿಯ ಬೆಲೆಯೇನಲ್ಲ, ಎರೆಯದಿದ್ದರೆ ದಾನವೂ ಅಲ್ಲ.

√−1ರ ವಿಷಯಕ್ಕೆ ಬಂದಾಗ ಈ ತಕ್ಕಡಿ ನೆನಪಿರಲಿ.

ಶೋಧಕ ಸೊನ್ನೆಗಿಂತ ಕಡಿಮೆ

ಗಣಿತದ ಭಾಗ ಇದು. ಅವ್ಯಕ್ತಕ್ಕೆ, ಅಂದರೆ ಗೊತ್ತಿಲ್ಲದ ರಾಶಿಗೆ, ‘ಯ’ ಅಂತ ಬರೆಯುತ್ತೇನೆ, ‘ಎಷ್ಟೋ ಅಷ್ಟು’ ಎಂಬರ್ಥದ ‘ಯಾವತ್ತಾವತ್’ನ ಮೊದಲಕ್ಷರ. ಹಳೆಯ ಬೀಜಗಣಿತದಲ್ಲಿ ‘ಯಾ’ ಅಂತಲೇ ಬರೆಯುತ್ತಿದ್ದರು.

ಮೊದಲಿಗೆ ನಮ್ಮ ಕಡೆಯವರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಆ ರಾಜನ ರಾಜಧಾನಿ ಮಾನ್ಯಖೇಟ ಈಗ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದ ಮಾತು ಹೀಗಿದೆ: ‘ಋಣಂ ಸ್ವರೂಪತೋಽವರ್ಗೋ ಯತಸ್ತಸ್ಮಾನ್ನ ತತ್ಪದಮ್’. ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ. ಪ್ರಶ್ನೆಯನ್ನು ಗುರುತಿಸಿ, ಕಾರಣ ಕೊಟ್ಟು, ಬಾಗಿಲು ಹಾಕಿದ್ದಾರೆ. ‘ಕಾಲ್ಪನಿಕ’ ಎಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ. ಆ ಮೂಲ ಕಾಲ್ಪನಿಕ ಅಂತ ಅವರು ಹೇಳಲಿಲ್ಲ, ಇಲ್ಲ ಅಂದರು.

ಬಾಗಿಲು ತೆರೆದದ್ದು ಇಟಲಿಯಲ್ಲಿ, ಅದೂ ಬೇಕಂತಲ್ಲ. 1545ರಲ್ಲಿ ಅಲ್ಲಿನ ಗಣಿತಜ್ಞ ಕಾರ್ಡಾನೊ ಒಂದು ಲೆಕ್ಕ ಹಾಕಿದ: 10ನ್ನು ಎರಡು ಪಾಲು ಮಾಡು, ಗುಣಲಬ್ಧ 40 ಬರಬೇಕು. ಪಾಲುಗಳು ಸಮನಾದಾಗಲೇ ಗುಣಲಬ್ಧ ಹೆಚ್ಚು, 5 × 5 = 25. 40 ಬರುವ ಮಾತೇ ಇಲ್ಲ. ಆದರೂ ಸೂತ್ರದಲ್ಲಿ ಹಾಕಿದರೆ 25 − 40 = −15, ಉತ್ತರ 5 + √−15 ಮತ್ತು 5 − √−15. ಗುಣಿಸಿ ನೋಡಿ: 25 − (−15) = 40. ಲೆಕ್ಕ ಸರಿಹೋಯಿತು. ಕಾರ್ಡಾನೊ ಇದು ಸೂಕ್ಷ್ಮವೂ ಹೌದು, ನಿಷ್ಪ್ರಯೋಜಕವೂ ಹೌದು ಎಂದು ಪಕ್ಕಕ್ಕಿಟ್ಟ.

ಪಕ್ಕಕ್ಕಿಡಲು ಆಗದ ಲೆಕ್ಕ ಇಟಲಿಯವನೇ ಆದ ಬೊಂಬೆಲ್ಲಿಯದು, 1572. ಪಾಠದಲ್ಲಿ ಇದನ್ನೇ ಹಾಕಿ:

ಯ³ = 15ಯ + 4

4 ಹಾಕಿ ನೋಡಿದರೆ 64 = 60 + 4. ಉತ್ತರ ಎದುರಿಗೇ ಇದೆ. ಆದರೆ ಘನಸಮೀಕರಣದ ಸೂತ್ರ ಹಿಡಿದು ಹೋದರೆ ಸಿಗುವುದು ∛(2 + √−121) + ∛(2 − √−121). ಅಂದರೆ ನಡುದಾರಿಯಲ್ಲಿ √−121 ಅಡ್ಡ ನಿಂತಿದೆ. ಬೊಂಬೆಲ್ಲಿ ಮಾಡಿದ್ದು ಇಷ್ಟೇ: √−1ಕ್ಕೆ ಲೆಕ್ಕದ ನಿಯಮಗಳನ್ನು ಬರೆದುಕೊಂಡು, 2 + √−1ರ ಘನ ಎಷ್ಟು ಅಂತ ನೋಡಿದ. ಬಿಡಿಸಿದರೆ 8 + 12√−1 − 6 − √−1, ಅಂದರೆ 2 + 11√−1. ಇದು 2 + √−121 ಅಲ್ಲದೆ ಬೇರೇನಲ್ಲ. ಹಾಗಾಗಿ ಮೊದಲ ಘನಮೂಲ 2 + √−1, ಎರಡನೆಯದು 2 − √−1, ಕೂಡಿದರೆ 4. ಬಂದದ್ದು ಬಂದ ದಾರಿಗೆ ಸುಂಕವಿಲ್ಲದಂತೆ ಮಾಯವಾಯಿತು.

ಈ ಸಮೀಕರಣದ ಉಳಿದೆರಡು ಮೂಲಗಳು −2 + √3 ಮತ್ತು −2 − √3. ಮೂರೂ ವಾಸ್ತವ ಸಂಖ್ಯೆಗಳೇ. ಮೂಲಗಳೆಲ್ಲ ವಾಸ್ತವವಾಗಿದ್ದರೂ ಸೂತ್ರ ಮಾತ್ರ ಋಣಸಂಖ್ಯೆಯ ವರ್ಗಮೂಲದ ಮೂಲಕವೇ ಹಾಯುತ್ತದೆ. ‘ಯಾಕೆ ಕಲಿಯಬೇಕು’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಹಳ ಪುಸ್ತಕಗಳು ಯ² + 1 = 0 ಇಂದ ಪಾಠ ಶುರುಮಾಡುತ್ತವೆ. ಅದು ತಪ್ಪು ಜಾಗ ಅನ್ನುವುದು ನನ್ನ ಅಭಿಪ್ರಾಯ. ‘ಅದಕ್ಕೆ ಉತ್ತರ ಇಲ್ಲ’ ಅಂದರೆ ಮುಗಿಯಿತಲ್ಲ, ಹತ್ತನೇ ತರಗತಿಯಲ್ಲಿ ಶೋಧಕ (ವರ್ಗಸಮೀಕರಣದ ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯೊಳಗೆ ಬರುವ ಬೆಲೆ) ಋಣವಾದರೆ ‘ವಾಸ್ತವ ಮೂಲಗಳಿಲ್ಲ’ ಅಂತ ಬರೆದು ಪೂರ್ತಿ ಅಂಕ ತೆಗೆದುಕೊಂಡು ಬಂದವರು ಈ ಮಕ್ಕಳು.

ಹೆಸರು ಇಟ್ಟವನು ಫ್ರಾನ್ಸಿನ ತತ್ತ್ವಜ್ಞಾನಿ, ಗಣಿತಜ್ಞ ಡೆಕಾರ್ಟ್, 1637ರ ‘ಜ್ಯಾಮಿತಿ’ಯ ಮೂರನೇ ಭಾಗದಲ್ಲಿ. ಸಮೀಕರಣದ ಮೂಲಗಳು ಎಲ್ಲ ಸಲವೂ ವಾಸ್ತವವಲ್ಲ, ಕೆಲವೊಮ್ಮೆ ಬರೀ ಇಮಾಜಿನೇರ್. ಘಾತ ಎಷ್ಟೋ ಅಷ್ಟು ಮೂಲಗಳನ್ನು ಮನಸ್ಸಿನಲ್ಲಿ ತಂದುಕೊಳ್ಳಬಹುದು, ಆದರೆ ಹಾಗೆ ತಂದುಕೊಂಡದ್ದಕ್ಕೆ ಸರಿಹೊಂದುವ ಪರಿಮಾಣ ಕೆಲವೊಮ್ಮೆ ಇರುವುದಿಲ್ಲ, ಇದು ಅವನ ಮಾತಿನ ಸಾರ. ಕೊಟ್ಟ ಉದಾಹರಣೆ ಯ³ − 6ಯ² + 13ಯ − 10 = 0. ಒಂದು ಮೂಲ 2. ಅದನ್ನು ತೆಗೆದರೆ ಉಳಿಯುವುದು ಯ² − 4ಯ + 5, ಅದರ ಶೋಧಕ 16 − 20 = −4. ಆ ಎರಡೇ ಇಮಾಜಿನೇರ್.

‘ರಿಯಲ್’ ಎಂಬ ವಿಶೇಷಣ ಬಂದದ್ದೂ ಅದೇ ವಾಕ್ಯದಲ್ಲಿ, ಇದರ ಎದುರುಪದವಾಗಿ. ಮೊಬೈಲ್ ಬರುವ ತನಕ ಮನೆಯ ಫೋನನ್ನು ಯಾರೂ ಲ್ಯಾಂಡ್‌ಲೈನ್ ಅನ್ನುತ್ತಿರಲಿಲ್ಲ, ಫೋನ್ ಅಂತಿದ್ದರು. ಇದೂ ಹಾಗೇ. ಇನ್ನೊಂದು ತಮಾಷೆ: ಡೆಕಾರ್ಟ್ ಋಣಮೂಲಗಳನ್ನು ‘ಸುಳ್ಳು ಮೂಲ’ ಎಂದು ಕರೆದಿದ್ದ. ಆ ಹೆಸರು ಬಿದ್ದುಹೋಯಿತು, ಇದು ಉಳಿಯಿತು.

ಹೆಸರಿನ ಮೇಲಿನ ದೂರು ಹಳೆಯದೇ. 1831ರಲ್ಲಿ ಜರ್ಮನಿಯ ಗಣಿತಜ್ಞ ಗಾಸ್, +1, −1, √−1ಗಳನ್ನು ಧನ, ಋಣ, ಇಮ್ಯಾಜಿನರಿ ಎನ್ನುವ ಬದಲು ನೇರ, ವಿಲೋಮ, ಪಾರ್ಶ್ವ ಎಂದು ಕರೆದಿದ್ದರೆ ಈ ಕತ್ತಲೆಯ ಮಾತೇ ಇರುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದ. ಅಷ್ಟರೊಳಗೆ ವೆಸೆಲ್ 1799ರಲ್ಲಿ, ಆರ್ಗಾಂಡ್ 1806ರಲ್ಲಿ ಇವನ್ನು ಸಮತಲದ ಬಿಂದುಗಳಾಗಿ ತೋರಿಸಿ ಆಗಿತ್ತು. √−1ರಿಂದ ಗುಣಿಸುವುದೆಂದರೆ 90 ಡಿಗ್ರಿ ತಿರುಗಿಸುವುದು, ಎರಡು ಸಲ ತಿರುಗಿದರೆ −1. ಗಾಸ್ ಅಷ್ಟು ದೊಡ್ಡವನಾದರೂ ಹೆಸರು ಬದಲಾಗಲಿಲ್ಲ.

ತದ್ಧಿತ

ಕನ್ನಡದ ಪದಕ್ಕೆ ಬರೋಣ. ಈ ಪದಕ್ಕೆ ಅನ್ಯಾಯವಾಗಿದೆ ಅನ್ನುವುದು ನನ್ನ ವಾದ.

ಪದರಚನೆ: ಕಲ್ಪನಾ + ಠಕ್ ಎಂಬ ಪ್ರತ್ಯಯ. ಪಾಣಿನಿಯ ‘ಠಸ್ಯೇಕಃ’ ಸೂತ್ರದಿಂದ ಠ ಹೋಗಿ ‘ಇಕ’ ಬರುತ್ತದೆ. ಪ್ರತ್ಯಯದಲ್ಲಿ ಕ್ ಇತ್ (ಗುರುತಿಗಷ್ಟೇ ಇದ್ದು ಉದುರುವ ಅಕ್ಷರ) ಆಗಿರುವುದರಿಂದ ‘ಕಿತಿ ಚ’ ಪ್ರಕಾರ ಮೊದಲ ಸ್ವರಕ್ಕೆ ವೃದ್ಧಿ, ಕ ಕಾ ಆಗುತ್ತದೆ. ಕೊನೆಯ ಆ ಲೋಪ. ಕಾಲ್ಪನಿಕ. ಸಮಾಜ-ಸಾಮಾಜಿಕ, ವರ್ಷ-ವಾರ್ಷಿಕದ ಸಾಲಿನದೇ. ‘ಕಲ್ಪನಿಕ’ ಎಂದು ಬರೆಯುವುದು ತಪ್ಪು, ಕಾರಣ ಈ ವೃದ್ಧಿಯೇ. ಕರಡು ತಿದ್ದುವಾಗ ಇದೊಂದನ್ನು ಹುಡುಕಿ ನೋಡಿ, ಖಂಡಿತ ಸಿಗುತ್ತದೆ.

ಇನ್ನು ಧಾತು. ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠದಲ್ಲಿ ‘ಕೃಪೂ ಸಾಮರ್ಥ್ಯೇ’. ‘ಕೃಪೋ ರೋ ಲಃ’ ಎಂಬ ಸೂತ್ರ ಅಲ್ಲಿನ ರೇಫವನ್ನು ಲಕಾರ ಮಾಡಿ ಕ್ಲೃಪ್, ಕಲ್ಪ್ ರೂಪಗಳನ್ನು ಕೊಡುತ್ತದೆ. ಅರ್ಥ: ತಕ್ಕದ್ದಾಗು, ಹೊಂದಿಕೊಳ್ಳು, ಸಮರ್ಥವಾಗು. ಪ್ರೇರಣಾರ್ಥಕ ಕಲ್ಪಯತಿ ಎಂದರೆ ಹೊಂದಿಸು, ಅಣಿಮಾಡು, ರೂಪಿಸು. ಸಂಧ್ಯಾವಂದನೆ ಗೊತ್ತಿದ್ದವರಿಗೆಲ್ಲ ಬಾಯಲ್ಲಿರುವ ಋಗ್ವೇದದ ಮಾತು: ‘ಸೂರ್ಯಾಚಂದ್ರಮಸೌ ಧಾತಾ ಯಥಾಪೂರ್ವಮಕಲ್ಪಯತ್’. ಸೃಷ್ಟಿಕರ್ತ ಸೂರ್ಯಚಂದ್ರರನ್ನು ಮೊದಲಿದ್ದಂತೆಯೇ ‘ಅಕಲ್ಪಯತ್’. ಅವನೇನು ಕಣ್ಣುಮುಚ್ಚಿ ಸೂರ್ಯನನ್ನು ಊಹಿಸಿಕೊಳ್ಳಲಿಲ್ಲ, ಮಾಡಿಟ್ಟ.

ಇದೇ ಧಾತು ಎಷ್ಟು ನೆಲಕ್ಕಂಟಿದ ಕೆಲಸಕ್ಕೂ ಬರುತ್ತದೆ ನೋಡಿ. ‘ಕ್ಲೃಪ್ತಕೇಶನಖಶ್ಮಶ್ರು’ ಅಂದರೆ ಕೂದಲು, ಉಗುರು, ಗಡ್ಡ ಕತ್ತರಿಸಿ ಒಪ್ಪ ಮಾಡಿಕೊಂಡವನು. ಸಂಸ್ಕೃತದಲ್ಲಿ ಕಲ್ಪಕ ಎಂದರೆ ಕ್ಷೌರಿಕನೂ ಹೌದು. ಕರಾವಳಿಯ ಕನ್ನಡದಲ್ಲಿ ‘ಕ್ಲಪ್ತ ಸಮಯಕ್ಕೆ’ ಎಂದರೆ ಗೊತ್ತುಪಡಿಸಿದ ಹೊತ್ತಿಗೆ ಸರಿಯಾಗಿ, ಅದೂ ಇದೇ ಬೇರು.

ಸಾಕ್ಷಿಗೆ ಸಂಸ್ಕೃತದವರೆಗೆ ಹೋಗುವುದೂ ಬೇಡ. ಇವತ್ತಿನ ಪತ್ರಿಕೆ ತೆಗೆಯಿರಿ. ‘ಗ್ರಾಮಕ್ಕೆ ಬಸ್ ಸೌಲಭ್ಯ ಕಲ್ಪಿಸಲಾಗಿದೆ’, ‘ಕುಡಿಯುವ ನೀರಿನ ಸಂಪರ್ಕ ಕಲ್ಪಿಸಬೇಕು’, ‘ಮಾತನಾಡಲು ಅವಕಾಶ ಕಲ್ಪಿಸಿ’, ‘ಕೆರೆಗೆ ಕಾಯಕಲ್ಪ’. ಬಸ್ ಕಲ್ಪಿಸಿದ್ದಾರೆ ಎಂದರೆ ಬಸ್ ಕಾಲ್ಪನಿಕ ಅಂತ ಯಾರೂ ಓದಿಕೊಳ್ಳುವುದಿಲ್ಲ (ಕೆಲವು ಊರಿನವರು ಓದಿಕೊಂಡಾರು, ಅದು ಬೇರೆ ಮಾತು). ಇಲ್ಲದ್ದನ್ನು ಇರುವಂತೆ ಏರ್ಪಡಿಸುವುದು, ಕಲ್ಪಿಸು ಕ್ರಿಯಾಪದಕ್ಕೆ ಕನ್ನಡದಲ್ಲಿ ಇನ್ನೂ ಜೀವಂತವಾಗಿರುವ ಅರ್ಥ ಇದು. ಇಂಗ್ಲಿಷಿನ ಇಮ್ಯಾಜಿನ್‌ಗೆ ಈ ಬಳಕೆ ಇಲ್ಲ. ಆ ಭಾಷೆಯಲ್ಲಿ ಯಾವ ಊರಿಗೂ ಬಸ್ಸನ್ನು ಇಮ್ಯಾಜಿನ್ ಮಾಡಿ ಕೊಡಲಾಗದು.

ಗಣಿತದೊಳಗೂ ಕಲ್ಪ್ ಧಾತುವಿಗೆ ತನ್ನದೇ ಕೆಲಸವಿತ್ತು. 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ‘ಯಾವತ್ತಾವತ್ ಕಲ್ಪ್ಯಮವ್ಯಕ್ತರಾಶೇರ್ಮಾನಮ್’ ಎಂದಿದೆ. ಗೊತ್ತಿಲ್ಲದ ರಾಶಿಯ ಬೆಲೆಯನ್ನು ‘ಯಾವತ್ತಾವತ್’ ಎಂದು ಕಲ್ಪಿಸಿಕೋ, ಆಮೇಲೆ ಲೆಕ್ಕ ಹೇಳಿದ್ದನ್ನೆಲ್ಲ ಅದರ ಮೇಲೆ ಮಾಡು. ‘ಯ ಆಗಿರಲಿ’ ಅನ್ನುವ ಬೀಜಗಣಿತದ ಮೊದಲ ಸಾಲು ಅದೇ. ಬೊಂಬೆಲ್ಲಿ √−1ಕ್ಕೆ ಮಾಡಿದ್ದು ಇದನ್ನೇ ಅಲ್ಲವೇ? ಒಂದು ಗುರುತು ಕಲ್ಪಿಸಿ, ನಿಯಮ ಕೊಟ್ಟು, ಲೆಕ್ಕಕ್ಕೆ ಹೂಡಿದ.

‘ನಿಜವಲ್ಲದ್ದು’ ಎಂಬ ಛಾಯೆ ಹತ್ತಿದ್ದು ದರ್ಶನಗಳ ಕಡೆಯಿಂದ. ಹಗ್ಗದಲ್ಲಿ ‘ಕಲ್ಪಿತ’ವಾದ ಹಾವು ಅದ್ವೈತದ ಮಾಮೂಲು ಉದಾಹರಣೆ. ಯೋಗಸೂತ್ರ ವಿಕಲ್ಪವನ್ನು ‘ವಸ್ತುಶೂನ್ಯ’ ಅನ್ನುತ್ತದೆ, ಶಬ್ದ ಇದೆ, ಹಿಂದೆ ವಸ್ತು ಇಲ್ಲ. ಅಂದರೆ ಎರಡು ಅರ್ಥಗಳೂ ನಮ್ಮಲ್ಲಿ ಹಳೆಯವೇ, ತರ್ಜುಮೆಯವರು ಹೊರಿಸಿದ್ದಲ್ಲ. ಯಾವ ಅರ್ಥದ ಕಡೆ ವಾಲಬೇಕು ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಉಳಿದೆರಡು ಪದ ಬೇಡ. ‘ಊಹೆ’ಗೆ ವೇದದ ಯಜ್ಞವಿಧಿಗಳ ಅರ್ಥ ನಿರ್ಣಯಿಸುವ ಮೀಮಾಂಸೆಯಲ್ಲಿ ಬಿಗಿಯಾದ ಅರ್ಥವಿದೆ: ಅಗ್ನಿಗೆ ಹೇಳಿದ ಮಂತ್ರವನ್ನು ಸೂರ್ಯನಿಗೆ ಬಳಸುವಾಗ ‘ಅಗ್ನಯೇ’ ತೆಗೆದು ‘ಸೂರ್ಯಾಯ’ ಹಾಕುವುದು. ವ್ಯಾಕರಣ ಯಾಕೆ ಓದಬೇಕು ಎಂಬುದಕ್ಕೆ ಪತಂಜಲಿ ಕೊಡುವ ಐದು ಕಾರಣಗಳಲ್ಲಿ ಈ ಊಹ ಎರಡನೆಯದು. ಆದರೆ ಇಂದಿನ ಕನ್ನಡದಲ್ಲಿ ಊಹೆ ಎಂದರೆ ಅಂದಾಜು, ಸರಿಯಾದರೂ ಆದೀತು, ತಪ್ಪಾದರೂ ಆದೀತು. √−1 ಅಂದಾಜಲ್ಲ. ‘ಅವಾಸ್ತವ’ ಎಂದರೆ ವಸ್ತುಶೂನ್ಯವೇ, ಮಕ್ಕಳ ಕೈಗೆ ದೊಣ್ಣೆ ಕೊಟ್ಟಂತೆ.

ನೇರಮಾತು

ತದ್ಧಿತ ಅವರ ವಿವರಣೆ ಚೆನ್ನಾಗಿದೆ, ಆದರೆ ಬೇರಿನಲ್ಲಿದ್ದ ಅರ್ಥ ಹಣ್ಣಿನಲ್ಲಿ ಇರಲೇಬೇಕು ಅಂತೇನಿಲ್ಲ. ಮಕ್ಕಳು ‘ಕಾಲ್ಪನಿಕ’ವನ್ನು ಕೇಳಿರುವುದು ಎಲ್ಲಿ? ಸಿನಿಮಾ ಶುರುವಿನಲ್ಲಿ, ‘ಪಾತ್ರಗಳು, ಘಟನೆಗಳು ಕೇವಲ ಕಾಲ್ಪನಿಕ’. ಅಲ್ಲಿ ಅದರ ಅರ್ಥ ‘ನಡೆದದ್ದಲ್ಲ, ಕೇಸು ಹಾಕಬೇಡಿ’. ಪತ್ರಿಕೆಯವರು ಬಳಸುವುದು ‘ಕಲ್ಪಿಸು’ ಕ್ರಿಯಾಪದವನ್ನು, ‘ಕಾಲ್ಪನಿಕ’ ವಿಶೇಷಣವನ್ನಲ್ಲ. ಬಸ್ಸಿಗೆ ಯಾರೂ ‘ಕಾಲ್ಪನಿಕ ಬಸ್’ ಅನ್ನುವುದಿಲ್ಲ. ಈ ವ್ಯತ್ಯಾಸವನ್ನು ನೀವು ದಾಟಿಬಿಟ್ಟಿರಿ.

ಹೆಸರು ಬದಲಿಸಿ ಅಂತ ನಾನೂ ಹೇಳುತ್ತಿಲ್ಲ. ಮಕ್ಕಳು ಮುಂದೆ ಇಂಗ್ಲಿಷಿನಲ್ಲೇ ಓದುತ್ತಾರೆ. ‘ಪಾರ್ಶ್ವ ಸಂಖ್ಯೆ’ ಅಂತ ಕಲಿಸಿದರೆ ಇಮ್ಯಾಜಿನರಿ ಕಂಡಾಗ ಎರಡನ್ನೂ ಜೋಡಿಸಲಾರರು. ಗಾಸನಿಗೇ ಆಗದ್ದು ನಮ್ಮ ಟಿಪ್ಪಣಿಯಿಂದ ಆಗುತ್ತದೆಯೇ? ಭೂಗೋಳದಲ್ಲಿ ‘ಭೂಮಧ್ಯರೇಖೆ ಒಂದು ಕಾಲ್ಪನಿಕ ರೇಖೆ’ ಅಂತ ಅವರು ಮೊದಲೇ ಓದಿರುತ್ತಾರೆ. ಅಲ್ಲಿಂದ ಎಳೆಯಿರಿ. ನೆಲದ ಮೇಲೆ ಗೆರೆ ಇಲ್ಲ, ಆದರೆ ಅಕ್ಷಾಂಶ ಎಣಿಸುವುದು ಅಲ್ಲಿಂದಲೇ. ಸಿನಿಮಾದ ಕಾಲ್ಪನಿಕಕ್ಕಿಂತ ಭೂಗೋಳದ ಕಾಲ್ಪನಿಕ √−1ಕ್ಕೆ ಹತ್ತಿರ.

ಮೂರು ಫೇಸ್

ಎಲೆಕ್ಟ್ರಿಕಲ್ ಕಡೆಯಿಂದ ಒಂದು ಲೆಕ್ಕ, ‘ಇದ್ದೂ ಇಲ್ಲದ’ ಸಂಖ್ಯೆ ತಂತಿ ಬಿಸಿ ಮಾಡುವುದನ್ನು ತೋರಿಸಲು. ಪಾಠದ ಕೊನೆಗೆ ಸೇರಿಸಬಹುದು. ಗಣಿತದವರು √−1ಕ್ಕೆ ‘ಐ’ ಬರೆಯುತ್ತಾರೆ. ನಮ್ಮಲ್ಲಿ ‘ಐ’ ಅಕ್ಷರ ಕರೆಂಟಿಗೆ ಹೋಗಿರುವುದರಿಂದ √−1ಕ್ಕೆ ‘ಜೆ’ ಬರೆಯುತ್ತೇವೆ.

230 ವೋಲ್ಟ್, 50 ಹರ್ಟ್ಸ್ ಸಪ್ಲೈ. ಲೋಡ್ ಒಂದು ಕಾಯಿಲ್: ರೆಸಿಸ್ಟೆನ್ಸ್ 30 ಓಮ್, ಇಂಡಕ್ಟಿವ್ ರಿಯಾಕ್ಟೆನ್ಸ್ (ಕಾಯಿಲಿನ ಕಾಂತಕ್ಷೇತ್ರದಿಂದ ಬರುವ ತಡೆ) 40 ಓಮ್. ಹೊಸಬರು ಮಾಡುವ ತಪ್ಪು 30 + 40 = 70 ಓಮ್ ಅಂತ ಕೂಡಿಬಿಡುವುದು. ಆಗ ಕರೆಂಟ್ 3.29 ಆಂಪಿಯರ್ ಅಂತ ಬರುತ್ತದೆ, ಮೀಟರ್ ಅದನ್ನು ಒಪ್ಪುವುದಿಲ್ಲ. ಯಾಕೆಂದರೆ ಎರಡೂ ಒಂದೇ ದಿಕ್ಕಿನಲ್ಲಿಲ್ಲ, 90 ಡಿಗ್ರಿ ಅಂತರದಲ್ಲಿವೆ. ಸರಿಯಾದ್ದು 30 + ಜೆ40. ಅದರ ಪರಿಮಾಣ 900 + 1600ರ ವರ್ಗಮೂಲ, 50 ಓಮ್. ಕರೆಂಟ್ 230 ÷ 50 = 4.6 ಆಂಪಿಯರ್, ವೋಲ್ಟೇಜಿಗಿಂತ ಸುಮಾರು 53 ಡಿಗ್ರಿ ಹಿಂದೆ.

ಕೆಲಸಕ್ಕೆ ಬರುವ ಪವರ್ 4.6 × 4.6 × 30 = 634.8 ವ್ಯಾಟ್. ಕಾಲ್ಪನಿಕ ಭಾಗದ್ದು, ರಿಯಾಕ್ಟಿವ್ ಪವರ್, 4.6 × 4.6 × 40 = 846.4 ವಿಎಆರ್ (ರಿಯಾಕ್ಟಿವ್ ಪವರಿನ ಮಾನ). ಒಟ್ಟು 230 × 4.6 = 1058 ವಿಎ (ವೋಲ್ಟ್-ಆಂಪಿಯರ್). ಇಲ್ಲೂ ಎರಡರ ನಡುವೆ 90 ಡಿಗ್ರಿ ಅಂತರ, ನೇರ ಕೂಡಬಾರದು. ಪವರ್ ಫ್ಯಾಕ್ಟರ್, ಅಂದರೆ ಒಟ್ಟಿನಲ್ಲಿ ಕೆಲಸಕ್ಕೆ ಬರುವ ಪಾಲು, 0.6.

ರಿಯಾಕ್ಟಿವ್ ಪವರ್ ಕಾಯಿಲಿನ ಕಾಂತಕ್ಷೇತ್ರಕ್ಕೆ ಹೋಗಿ ಸಪ್ಲೈಗೆ ವಾಪಸ್ ಬರುತ್ತಿರುತ್ತದೆ, ಸರಾಸರಿ ತೆಗೆದರೆ ಸೊನ್ನೆ. ‘ಹಾಗಾದರೆ ಲೆಕ್ಕಕ್ಕಿಲ್ಲ’ ಅಂದುಕೊಂಡರೆ ಹಾಕಿದ ಕೇಬಲ್‌ನ ದಪ್ಪ ಸಾಲದೆ ಹೋಗುತ್ತದೆ. 634.8 ವ್ಯಾಟ್ ಮಾತ್ರ ಬೇಕಿದ್ದಿದ್ದರೆ 2.76 ಆಂಪಿಯರ್ ಸಾಕಿತ್ತು, ಈಗ 4.6 ಹರಿಯುತ್ತಿದೆ. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ, ಅಂದರೆ ಸುಮಾರು 2.8 ಪಟ್ಟು ನಷ್ಟ. ಲೋಡಿಗೆ ಸಮಾಂತರವಾಗಿ ಸುಮಾರು 51 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಅದರ −ಜೆ ಇದರ +ಜೆಯನ್ನು ಹೊಡೆದುಹಾಕಿ ಸಪ್ಲೈ ಕರೆಂಟ್ 2.76ಕ್ಕೆ ಇಳಿಯುತ್ತದೆ. ಬೊಂಬೆಲ್ಲಿಯ ಲೆಕ್ಕದಲ್ಲಿ +√−1 ಮತ್ತು −√−1 ಹೋದ ಹಾಗೇ.

ಕರಡುಪ್ರತಿ

ಎಲ್ಲರಿಗೂ ಧನ್ಯವಾದ. ‘ಕಾಲ್ಪನಿಕ’ವನ್ನೇ ಇಟ್ಟುಕೊಳ್ಳುತ್ತೇನೆ, ಬೊಂಬೆಲ್ಲಿಯಿಂದ ಪಾಠ ಶುರು, ಭೂಮಧ್ಯರೇಖೆಯ ಮಾತು ಪಕ್ಕದಲ್ಲಿ. ಪೀಠಿಕೆಯ ಕರಡು ಹೀಗಿದೆ, ನೋಡಿ ಹೇಳಿ:

‘ಕಲ್ಪಿಸು ಎಂದರೆ ಅಣಿಮಾಡು, ಏರ್ಪಡಿಸು. ಸಂಖ್ಯಾರೇಖೆಯ ಮೇಲೆ ಇಲ್ಲದ, ಆದರೆ ನಿಯಮಬದ್ಧವಾಗಿ ಕಲ್ಪಿಸಿಕೊಂಡ √−1 ಎಂಬ ಸಂಖ್ಯೆಯನ್ನು ಐ ಎಂದು ಬರೆಯುತ್ತೇವೆ. 3 + 4ಐ ಎಂಬ ಸಂಕೀರ್ಣ ಸಂಖ್ಯೆಯಲ್ಲಿ 3 ವಾಸ್ತವ ಭಾಗ, 4ಐ ಕಾಲ್ಪನಿಕ ಭಾಗ. √−4 × √−9 = √36 = 6.’

ಜೊತೆಗೆ ಒಂದು ಚಿಕ್ಕ ಸಂಶಯ. ಕೈಯಲ್ಲಿರುವ ಹಾಳೆಗಳಲ್ಲಿ ಇಮ್ಯಾಜಿನೇಟಿವ್, ಅನ್‌ಇಮ್ಯಾಜಿನಬಲ್ ಬಂದ ಕಡೆಯೆಲ್ಲ ಕಾಲ್ಪನಿಕ, ಅಕಾಲ್ಪನಿಕ ಅಂತ ಹಾಕಿದ್ದಾರೆ. ಸರಿಯೇ?

ತದ್ಧಿತ

‘ಅಕಾಲ್ಪನಿಕ’ ತೆಗೆಯಿರಿ, ಅದಕ್ಕೆ ‘ಕಟ್ಟುಕಥೆಯಲ್ಲದ, ನಿಜವಾದ’ ಎಂಬ ಉಲ್ಟಾ ಅರ್ಥ ಬರುತ್ತದೆ. ಇಮ್ಯಾಜಿನೇಟಿವ್ ವ್ಯಕ್ತಿಗೆ ‘ಕಲ್ಪನಾಶೀಲ’. ಕಾಲ್ಪನಿಕ ವ್ಯಕ್ತಿ ಅಂದರೆ ಆ ಮನುಷ್ಯನೇ ಇಲ್ಲ ಅಂತಾಯಿತು. ಅನ್‌ಇಮ್ಯಾಜಿನಬಲ್‌ಗೆ ‘ಊಹಿಸಲಾಗದ’, ಇನ್ನೂ ಏರಿಸಬೇಕಿದ್ದರೆ ‘ಕಲ್ಪನಾತೀತ’. ಕಾನೂನಿನ ಪಠ್ಯದಲ್ಲಿ ‘ಹೀಗೆಂದು ತಿಳಿಯತಕ್ಕದ್ದು’ ಎಂಬ ಕಡೆ ಕಾಲ್ಪನಿಕ ಬೇಡವೇ ಬೇಡ, ನಮ್ಮ ಅಧಿನಿಯಮಗಳಲ್ಲಿ ‘ಎಂದು ಭಾವಿಸತಕ್ಕದ್ದು’ ಅಂತ ಬರೆಯುವ ರೂಢಿ ಇದೆ.

ಶೋಧಕ ಸೊನ್ನೆಗಿಂತ ಕಡಿಮೆ

ಕರಡಿನಲ್ಲಿ ಎರಡು ತಪ್ಪು. 3 + 4ಐ ಯ ಕಾಲ್ಪನಿಕ ಭಾಗ 4, 4ಐ ಅಲ್ಲ. ಕಾಲ್ಪನಿಕ ಭಾಗ ಅನ್ನುವುದು ಒಂದು ವಾಸ್ತವ ಸಂಖ್ಯೆ. ಹೆಸರು ಕೇಳಿ ಬಹಳ ಜನ ಎಡವುವ ಜಾಗ ಇದು, ಅದಕ್ಕೆ ಬೇರೆ ಸಾಲಿನಲ್ಲೇ ಬರೆಯಿರಿ. ಸಮತಲದಲ್ಲಿ ಬಿಂದು ಗುರುತಿಸುವಾಗ ಬಲಕ್ಕೆ 3, ಮೇಲಕ್ಕೆ 4. ಅಲ್ಲಿ ಐ ಹಿಡಿದುಕೊಂಡು ಕೂತರೆ ಪರಿಮಾಣ ಲೆಕ್ಕ ಹಾಕುವಾಗ 9 + (4ಐ)² = 9 − 16 ಆಗಿ ಋಣ ಬರುತ್ತದೆ. ಬರಬೇಕಾದ್ದು 9 + 16 = 25, ಪರಿಮಾಣ 5.

ಎರಡನೆಯದು: √ಕ × √ಖ = √(ಕಖ) ಎಂಬ ನಿಯಮಕ್ಕೆ ಎರಡರಲ್ಲಿ ಒಂದಾದರೂ ಋಣವಲ್ಲದ ಸಂಖ್ಯೆ ಇರಬೇಕು. ಎರಡೂ ಋಣವಾದರೆ ಮೊದಲು ಐ ಹೊರಗೆ ತೆಗೆದು ಆಮೇಲೆ ಗುಣಿಸಬೇಕು. 2ಐ × 3ಐ = 6ಐ² = −6. ಈ ಸಾಲನ್ನು ತಪ್ಪಿನ ಉದಾಹರಣೆ ಅಂತಲೇ ಉಳಿಸಿಕೊಂಡರೂ ಆಗುತ್ತದೆ, ಆದರೆ ಪೀಠಿಕೆಯಲ್ಲಿ ಬೇಡ, ಅಭ್ಯಾಸದ ಮೊದಲ ಲೆಕ್ಕವಾಗಿ ಹಾಕಿ.